ನಿಷೇಧದ ಒಗಟುಗಳೂ ನಮ್ಮ ತರುಣರೂ

ಕಾರ್ಯನಿಮಿತ್ತವಾಗಿ ನಾವು ಇತ್ತೀಚೆಗೆ ತಲ್ಲೂರಿಗೆ ಹೋಗಿದ್ದಾಗ, ಹೆದ್ದಾರಿಯ ಬದಿಯ ಚಹದ ಅಂಗಡಿಯೊಂದರಲ್ಲಿ ಪರಿಚಿತರೊಬ್ಬರ ಮಗನು ಭೇಟಿಯಾದನು. ತರುಣನು ಇಂಜಿನಿಯರಿಂಗ್ ಪದವೀಧರನು. ಬೆಂಗಳೂರಿನಲ್ಲಿ ಕಂಪೆನಿಯೊಂದರ ಸಂದರ್ಶನವನ್ನು ಮುಗಿಸಿ ರಾತ್ರಿಯ ಬಸ್ಸಿನಲ್ಲಿ ಬಂದು ಆಗಷ್ಟೇ ಇಳಿದಿದ್ದನು. ಅವನ ಮುಖವು ಬಾಡಿತ್ತು. ವಿಚಾರಿಸಲಾಗಿ ಅವನು ಹೇಳಿದ್ದಿಷ್ಟು: ಒಂದರಿಂದ ನೂರರ ವರೆಗಿನ ಅಂಕಿಗಳನ್ನು ಕಂಪ್ಯೂಟರಿನಿಂದ ಬರೆಯಿಸಬೇಕು, ಆದರೆ ‘ಲೂಪ್’ ಎಂಬ ಆವರ್ತನದ ಕಟ್ಟನ್ನು ಬಳಸಕೂಡದು ಎಂಬುದು ಪರೀಕ್ಷಕರು ಕೊಟ್ಟ ಪ್ರಶ್ನೆ. ಇದರ ಉತ್ತರವು ಅವನಿಗೆ ಬಾಯಿಪಾಠವಾಗಿತ್ತು, ಬರೆದು ತೋರಿಸಿದನು. ಆ ಬಳಿಕ ಪರೀಕ್ಷಕರು ‘ಇಫ್’ ಎಂಬ ಷರತ್ತಿನ ಪದವನ್ನೂ ಬಿಟ್ಟು ಬರೆ ಎಂದರು, ಅವನು ತಡವರಿಸಿದನು. ನೂರರ ಬದಲು ಹತ್ತು ಲಕ್ಷವಾದರೆ ನಿನ್ನ ಉತ್ತರದ ಗತಿಯೇನು ಎಂದು ಕೇಳಿದರು, ಅವನು ಸುಮ್ಮನಾದನು. ಸಂದರ್ಶನವು ಅಲ್ಲಿಗೆ ಮುಗಿಯಿತು. “ಗೇಟು ತೆರೆದಿರುವಾಗ ಬೇಲಿ ಹಾರಿ ಬಾ ಎಂದರೆ ಅದು ಎಂಥ ಪರೀಕ್ಷೆ, ನೀವೇ ಹೇಳಿ” ಎಂದು ಅವನು ನಮ್ಮನ್ನು ಕೇಳಿದನು.

ಪ್ರಶ್ನೆಯು ಒಬ್ಬ ತರುಣನದಾದರೂ ಅದರ ಹಿಂದೆ ನಮ್ಮ ಕರಾವಳಿಯ ಸಹಸ್ರಾರು ಮನೆಗಳ ಆಶೆ ನಿಂತಿದೆ. ಹಿಂದಿನ ತಲೆಮಾರು ಹೋಟೇಲಿನ ಕೆಲಸಕ್ಕೆ ಮುಂಬಯಿ, ಬೆಂಗಳೂರುಗಳಿಗೆ ಹೋದಂತೆ ಈಗಿನ ತಲೆಮಾರು ಕಂಪ್ಯೂಟರಿನ ಕೆಲಸಕ್ಕೆ ಹೋಗುತ್ತಿದೆ. ಅಲ್ಲಿಯ ಹೆಬ್ಬಾಗಿಲಿನಲ್ಲಿ ಇಂತಹ ನಿಷೇಧದ ಒಗಟುಗಳನ್ನು ಕಾವಲಿಗೆ ನಿಲ್ಲಿಸಿದ್ದರೆ, ಅವು ನ್ಯಾಯವೋ ಅನ್ಯಾಯವೋ, ವಿದ್ಯೆಯೋ ದೊಂಬರಾಟವೋ ಎಂಬುದನ್ನು ವಿಚಾರಿಸತಕ್ಕದ್ದು ಅವಶ್ಯ. ನಾವು ಪಾಠಶಾಲೆಯಲ್ಲಿ ಕಲಿತು ಮೆಟ್ರಿಕ್ಯುಲೇಶನ್ ಮುಗಿಸಿದವರೇ ಹೊರತು ಕಂಪ್ಯೂಟರ್ ಶಾಸ್ತ್ರದ ಪಂಡಿತರಲ್ಲ. ಆದರೂ ವಿಷಯವನ್ನು ತಿಳಿದವರಿಂದ ಕೇಳಿ, ಓದಿ, ಮನಸ್ಸಿಗೆ ತಂದುಕೊಂಡಷ್ಟನ್ನು ವಾಚಕರ ಮುಂದೆ ಇಡುತ್ತೇವೆ.

ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಸಾಲಿಗೆ ಪ್ರೋಗ್ರಾಮ್ ಎಂದು ಹೆಸರು. ಆಜ್ಞೆಗಳು ಒಂದಾದ ಮೇಲೊಂದು ನಡೆಯುವುದು ಅನುಕ್ರಮ. ಇಂತಿದ್ದರೆ ಹೀಗೆ, ಅಂತಿದ್ದರೆ ಹಾಗೆ ಎನ್ನುವುದು ಆಯ್ಕೆ. ಒಂದೇ ಕೆಲಸವನ್ನು ಮತ್ತೆ ಮತ್ತೆ ಮಾಡಿಸುವುದು ಆವರ್ತನ. ಯಾವ ಲೆಕ್ಕವನ್ನಾದರೂ ಈ ಮೂರರಿಂದಲೇ ಕಟ್ಟಬಹುದೆಂದು ಇಟಲಿಯ ಬೋಮ್ ಮತ್ತು ಯಾಕೊಪಿನಿ ಎಂಬ ವಿದ್ವಾಂಸರು 1966ರಲ್ಲಿ ಸಾಧಿಸಿ ತೋರಿಸಿದರು. ನಮ್ಮ ತರುಣನಿಂದ ಪರೀಕ್ಷಕರು ಕಸಿದುಕೊಂಡದ್ದು ಈ ಮೂರರಲ್ಲಿ ಮೊದಲು ಒಂದನ್ನು, ಆಮೇಲೆ ಇನ್ನೊಂದನ್ನು. ಹೀಗೆ ಕಸಿದುಕೊಂಡ ಮೇಲೂ ಲೆಕ್ಕವು ನಡೆಯುವುದುಂಟೇ? ಉಂಟು. ಹೇಗೆಂಬುದನ್ನು ನಮ್ಮ ಊಟದ ಪಂಕ್ತಿಯಿಂದ ತಿಳಿಯಬಹುದು.

ನೂರು ಮಂದಿ ಸಾಲಾಗಿ ಎಲೆಯ ಮುಂದೆ ಕುಳಿತಿದ್ದಾರೆನ್ನೋಣ. ಕೊನೆಯ ನೂರನೆಯವನಿಗೆ, “ನಿನ್ನ ಅಂಕಿಯನ್ನು ಹೇಳು, ಆದರೆ ನಿನ್ನ ಎಡಗಡೆಯವನಿಂದ ಮೊದಲು ಹೇಳಿಸಿದ ಮೇಲೆ ಹೇಳು” ಎಂದು ಅಪ್ಪಣೆಯಾಗುತ್ತದೆ. ಅವನು ಅದೇ ಅಪ್ಪಣೆಯನ್ನು ತೊಂಬತ್ತೊಂಬತ್ತನೆಯವನಿಗೆ ದಾಟಿಸುತ್ತಾನೆ. ಆತನು ಅದರ ಹಿಂದಿನವನಿಗೆ. ಅಪ್ಪಣೆಯು ಸಾಲಿನ ತುದಿಯನ್ನು ಮುಟ್ಟಿದಾಗ ಮೊದಲನೆಯವನಿಗೆ ಎಡಗಡೆ ಯಾರೂ ಇಲ್ಲದ ಕಾರಣ ಅವನು ‘ಒಂದು’ ಎನ್ನುತ್ತಾನೆ. ಬಳಿಕ ಎರಡು, ಮೂರು ಎಂದು ನೂರರ ವರೆಗೆ ಎಣಿಕೆಯು ತಾನಾಗಿ ಹರಿದುಬರುತ್ತದೆ. ಇಲ್ಲಿ ಎಣಿಸುವ ಮೇಸ್ತ್ರಿಯಿಲ್ಲ, ಸುತ್ತು ಹಾಕುವ ಕಟ್ಟಿಲ್ಲ. ಅಪ್ಪಣೆಯು ತನ್ನನ್ನು ತಾನೇ ಕರೆದುಕೊಂಡಿತು, ಅಷ್ಟೇ. ಇದಕ್ಕೆ ಬಲ್ಲವರು ‘ರಿಕರ್ಶನ್’ ಎನ್ನುತ್ತಾರೆ. ತರುಣನು ಬಾಯಿಪಾಠ ಮಾಡಿದ್ದು ಇದನ್ನೇ.

ಇನ್ನು ‘ಇಫ್’ ಕೂಡದೆಂಬ ಎರಡನೆಯ ನಿಷೇಧ. ಮೇಲಿನ ಪಂಕ್ತಿಯಲ್ಲಿ “ಎಡಗಡೆ ಯಾರಾದರೂ ಇದ್ದಾರೆಯೇ” ಎಂದು ಪ್ರತಿಯೊಬ್ಬನೂ ನೋಡಬೇಕಾಗಿತ್ತು, ಅದೇ ಷರತ್ತು. ಅದನ್ನು ತೆಗೆಯಬೇಕಾದರೆ ಮೊದಲನೆಯವನ ಎಡಕ್ಕೆ ಮೌನವ್ರತದವನೊಬ್ಬನನ್ನು ಕುಳ್ಳಿರಿಸಿದರಾಯಿತು. ಈಗ ಯಾರೂ ಏನನ್ನೂ ನೋಡಬೇಕಾಗಿಲ್ಲ. ಎಲ್ಲರೂ ಒಂದೇ ರೀತಿಯಲ್ಲಿ ಎಡಕ್ಕೆ ಅಪ್ಪಣೆ ದಾಟಿಸುತ್ತಾರೆ, ಮೌನಿಯು ಸುಮ್ಮನಿರುತ್ತಾನೆ, ಅಪ್ಪಣೆ ಅಲ್ಲಿಗೆ ನಿಲ್ಲುತ್ತದೆ. ಪ್ರಶ್ನೆಯನ್ನು ಕೇಳಿ ಮಾಡಬೇಕಾಗಿದ್ದ ಕೆಲಸವನ್ನು ಜನರನ್ನು ಕುಳ್ಳಿರಿಸಿದ ಕ್ರಮವೇ ಮಾಡಿಬಿಟ್ಟಿತು. ಹತ್ತು ಲಕ್ಷದ ಪ್ರಶ್ನೆಗೂ ಉತ್ತರವು ಇಲ್ಲಿಯೇ ಇದೆ. ಎಡಗಡೆಯವನು ಹೇಳಿ ಮುಗಿಸುವ ವರೆಗೆ ಬಲಗಡೆಯವರೆಲ್ಲರೂ ಎಲೆ ಬಿಟ್ಟು ಏಳದೆ ಕಾದಿರಬೇಕಷ್ಟೆ. ನೂರು ಮಂದಿಗೆ ಚಪ್ಪರವು ಸಾಕು. ಹತ್ತು ಲಕ್ಷ ಮಂದಿಗೆ ಸಾಲದು. ಕಂಪ್ಯೂಟರಿನಲ್ಲಿಯೂ ಹಾಗೆಯೇ, ಕಾದಿರುವ ಒಂದೊಂದು ಅಪ್ಪಣೆಗೂ ಸ್ಮರಣೆಯಲ್ಲಿ ಸ್ಥಳ ಬೇಕು. ಆ ಸ್ಥಳವು ತುಂಬಿದರೆ ಪ್ರೋಗ್ರಾಮು ಕುಸಿದುಬೀಳುತ್ತದೆ. ಪಂಕ್ತಿಯಲ್ಲಿ ಕುಳಿತು ಉಂಡವನಿಗೆ ಅರ್ಥವಾಗದ ಮಾತು ಇದರಲ್ಲಿ ಯಾವುದಿದೆ? ಆದರೂ ನಮ್ಮ ಪದವೀಧರನು ಮೌನಿಯಾದನು. ಕಾರಣವೇನೆಂದರೆ, ಅವನಿಗೆ ಕಲಿಸಿದವರು ಉತ್ತರವನ್ನು ಕೊಟ್ಟಿದ್ದರು, ಪಂಕ್ತಿಯನ್ನು ತೋರಿಸಿರಲಿಲ್ಲ.

ಇಂತಹ ನಿಷೇಧಗಳು ಬರಿಯ ಚೇಷ್ಟೆಯೆಂದು ತಳ್ಳಿಬಿಡುವವರು ಒಂದೆರಡು ಲೆಕ್ಕಗಳನ್ನು ಮಾಡಿ ನೋಡಬೇಕೆಂದು ನಮ್ಮ ವಿನಂತಿ. ಒಂದರಿಂದ ನೂರರ ವರೆಗಿನ ಅಂಕಿಗಳ ಮೊತ್ತವೆಷ್ಟು? ಸುತ್ತು ಹಾಕಲು ಬಿಟ್ಟರೆ ಯಾರಾದರೂ ನೂರು ಸಲ ಕೂಡಿಸಿ ಸುಮ್ಮನಾಗುವರು. ಸುತ್ತು ಕೂಡದೆಂದರೆ ಯೋಚನೆ ಹುಟ್ಟುತ್ತದೆ: ಮೊದಲನೆಯದೂ ಕೊನೆಯದೂ ಸೇರಿ 101, ಎರಡನೆಯದೂ ತೊಂಬತ್ತೊಂಬತ್ತನೆಯದೂ ಸೇರಿ 101, ಇಂತಹ ಜೊತೆಗಳು 50, ಆದುದರಿಂದ ಮೊತ್ತವು 5050. ನೂರು ಸಲದ ಕೆಲಸವು ಒಂದು ಗುಣಾಕಾರದಲ್ಲಿ ತೀರಿತು. ಇನ್ನೊಂದು: ಎರಡು ಅಂಕಿಗಳಲ್ಲಿ ದೊಡ್ಡದು ಯಾವುದೆಂದು ‘ಇದ್ದರೆ’ ಎನ್ನದೆ ಹೇಳಬೇಕು. 17 ಮತ್ತು 25 ಇವುಗಳ ಮೊತ್ತ 42. ಅಂತರವನ್ನು ಯಾವ ಕಡೆಯಿಂದ ಕಳೆದರೂ ಅದರ ವರ್ಗವು 64, ವರ್ಗಮೂಲವು 8. ಮೊತ್ತಕ್ಕೆ ಅದನ್ನು ಕೂಡಿಸಿದರೆ 50, ಅದರ ಅರ್ಧ 25. ಯಾವುದು ದೊಡ್ಡದೆಂದು ಕೇಳದೆಯೇ ದೊಡ್ಡದು ಕೈಗೆ ಬಂತು.

ಪಂಚಾಂಗವನ್ನು ನೋಡಬಲ್ಲವರಿಗೆ ಈ ವಿದ್ಯೆಯು ಹೊಸದೂ ಅಲ್ಲ. ಶಕವರ್ಷದಿಂದ ಸಂವತ್ಸರವನ್ನು ತಿಳಿಯಬೇಕಾದರೆ ಇದು ಪ್ರಭವವೋ, ವಿಭವವೋ, ಶುಕ್ಲವೋ ಎಂದು ಅರವತ್ತು ಪ್ರಶ್ನೆಗಳನ್ನು ಯಾರೂ ಕೇಳುವುದಿಲ್ಲ. ಶಕಕ್ಕೆ 12ನ್ನು ಕೂಡಿಸಿ 60ರಿಂದ ಭಾಗಿಸಿ, ಉಳಿದ ಶೇಷದಷ್ಟನೆಯ ಹೆಸರನ್ನು ಓದುತ್ತೇವೆ. 2025ರ ಯುಗಾದಿಯಂದು ಮೊದಲಾದ ಶಕ 1947ಕ್ಕೆ 12 ಸೇರಿ 1959, ಶೇಷ 39, ಮೂವತ್ತೊಂಬತ್ತನೆಯದು ವಿಶ್ವಾವಸು. ಶೇಷವು ಸೊನ್ನೆಯಾದರೆ ಅಕ್ಷಯವೆಂದು ಪ್ರತ್ಯೇಕವಾಗಿ ನೆನಪಿಡುತ್ತೇವೆ. ಅಲ್ಲಿ ಒಂದು ಷರತ್ತು ನುಸುಳಿತು. ಪಟ್ಟಿಯಲ್ಲಿ ಪ್ರಭವಕ್ಕೂ ಮೊದಲು ಸೊನ್ನೆಯ ಮನೆಯೊಂದನ್ನು ಮಾಡಿ ಅಕ್ಷಯವನ್ನು ಅಲ್ಲಿ ಬರೆದಿಟ್ಟರೆ ಆ ಷರತ್ತೂ ಹೋಯಿತು. ಪಾಠಶಾಲೆಯ ಹುಡುಗನು ಬಾಯಿಲೆಕ್ಕದಲ್ಲಿ ಮಾಡುತ್ತಿದ್ದುದನ್ನೇ ಬೆಂಗಳೂರಿನ ಪರೀಕ್ಷಕನು ಬೇರೆ ವೇಷದಲ್ಲಿ ಕೇಳಿದನೆಂದು ಈಗ ಕಾಣುವುದಿಲ್ಲವೇ?

ಗಣಿತದಿಂದ ಸಾಹಿತ್ಯಕ್ಕೆ ಬಂದರೆ ಈ ನಾಡು ನಿಷೇಧದ ವಿದ್ಯೆಯಲ್ಲಿ ಯಾರಿಗೂ ಹಿಂದಾದುದಲ್ಲ. ದಂಡಿಯ ದಶಕುಮಾರಚರಿತದ ಏಳನೆಯ ಉಚ್ಛ್ವಾಸದಲ್ಲಿ ಮಂತ್ರಗುಪ್ತನು, ಪ್ರಿಯೆಯು ಕಚ್ಚಿದ ತುಟಿಯು ನೋಯುವ ಕಾರಣ, ಪವರ್ಗದ ಒಂದಕ್ಷರವೂ ಬಾರದಂತೆ ತನ್ನ ಕಥೆಯನ್ನು ಹೇಳಿ ಮುಗಿಸುತ್ತಾನೆ. ಹದಿಮೂರನೆಯ ಶತಮಾನದ ನಮ್ಮ ಆಂಡಯ್ಯನು ‘ಕಬ್ಬಿಗರ ಕಾವ’ವನ್ನು ಸಂಸ್ಕೃತದ ತತ್ಸಮ ಪದಗಳನ್ನು ಬಿಟ್ಟು ದೇಶ್ಯ, ತದ್ಭವಗಳಿಂದಲೇ ಕಟ್ಟಿದನು, ಕನ್ನಡಕ್ಕೆ ತನ್ನ ಕಾಲ ಮೇಲೆ ನಿಲ್ಲುವ ಬಲವೆಷ್ಟಿದೆಯೆಂಬುದು ಆ ನಿಷೇಧದಿಂದ ಲೋಕಕ್ಕೆ ತಿಳಿಯಿತು. ಅವಧಾನದ ಸಭೆಯಲ್ಲಿ ನಿಷೇಧಾಕ್ಷರಿಯೆಂಬ ವಿಭಾಗವೇ ಇದೆ: ಅವಧಾನಿಯು ಪದ್ಯದಲ್ಲಿ ಮುಂದೆ ಇಡಲಿರುವ ಅಕ್ಷರವನ್ನು ಪೃಚ್ಛಕನು ಊಹಿಸಿ ಅದು ಕೂಡದೆನ್ನುತ್ತಾನೆ, ಅವಧಾನಿಯು ಬೇರೆ ಅಕ್ಷರದಿಂದ ಛಂದಸ್ಸೂ ಅರ್ಥವೂ ಕೆಡದಂತೆ ನಡೆಯಬೇಕು. ಶತಾವಧಾನಿ ರಾ. ಗಣೇಶರ ಅವಧಾನಗಳಲ್ಲಿ ಇದನ್ನು ಕಣ್ಣಾರೆ ಕಂಡವರು ನಮ್ಮ ವಾಚಕರಲ್ಲಿ ಅನೇಕರಿರಬಹುದು.

ಇಷ್ಟು ದೂರವಾದರೂ ಹೋಗಬೇಕೇಕೆ? ನಮ್ಮ ಮನೆಯಂಗಳದ ಯಕ್ಷಗಾನವನ್ನೇ ನೋಡಬಹುದು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಉಳಿದದ್ದು ಹಾಡು ಮತ್ತು ಮಾತು. ಆ ಮಾತಿನಲ್ಲಿಯೂ ಇಂಗ್ಲಿಷ್ ಪದವು ನುಸುಳಿದರೆ ಅದು ಅರ್ಥಧಾರಿಗೆ ಕುಂದು. ಎಲ್ಲವನ್ನೂ ಬಿಡಿಸಿದ ಮೇಲೆ ಅರ್ಥಗಾರಿಕೆಯು ಎಷ್ಟು ಎತ್ತರಕ್ಕೆ ಬೆಳೆಯಿತೆಂಬುದನ್ನು ಕರಾವಳಿಯವರಿಗೆ ನಾವು ಹೇಳಬೇಕಾಗಿಲ್ಲ. ಇದಕ್ಕೆ ಪ್ರತಿಯಾಗಿ ಕೋಟದಲ್ಲಿ 1902ರಲ್ಲಿ ಹುಟ್ಟಿದ ಶಿವರಾಮ ಕಾರಂತರು ತಮ್ಮ ಯಕ್ಷಗಾನ ಪ್ರಯೋಗಗಳಲ್ಲಿ ಮಾತನ್ನೇ ಕೈಬಿಟ್ಟು ವೇಷ, ಗಾನ, ನರ್ತನಗಳಿಂದ ಕಥೆಯನ್ನು ನಡೆಯಿಸಿದರು. ಒಪ್ಪಿದವರಿದ್ದರು, ಒಪ್ಪದವರೂ ಇದ್ದರು. ಆದರೆ ಒಂದು ಕೈಯನ್ನು ಕಟ್ಟಿದಾಗ ಇನ್ನೊಂದು ಕೈಯ ಬಲವು ಬೆಳೆಯುತ್ತದೆಂಬುದಕ್ಕೆ ಇವೆರಡಕ್ಕಿಂತ ಸ್ಪಷ್ಟವಾದ ನಿದರ್ಶನವು ಬೇಡ.

ಕಂಪ್ಯೂಟರಿನ ಲೋಕದಲ್ಲಿಯೂ ನಿಷೇಧಗಳು ಆಟವಾಗಿಯೇ ಉಳಿದಿಲ್ಲ. ಹಿಂದೆ ಪ್ರೋಗ್ರಾಮುಗಳಲ್ಲಿ ‘ಗೋಟು’ ಎಂಬ ಆಜ್ಞೆಯು ಸರ್ವಸಾಧಾರಣವಾಗಿತ್ತು; ಅದರ ಬಲದಿಂದ ಎಲ್ಲಿಂದ ಎಲ್ಲಿಗೆ ಬೇಕಾದರೂ ಜಿಗಿಯಬಹುದಾಗಿತ್ತು. ಹೀಗೆ ಜಿಗಿದು ಜಿಗಿದು ಬರೆದವನಿಗೇ ದಾರಿ ತಿಳಿಯದಂತಾಗುತ್ತಿತ್ತು. 1968ರ ಮಾರ್ಚಿಯಲ್ಲಿ ಹಾಲೆಂಡಿನ ಡೈಕ್‌ಸ್ಟ್ರಾ ಎಂಬ ವಿದ್ವಾಂಸರು ಅಮೇರಿಕದ ಪತ್ರಿಕೆಯೊಂದಕ್ಕೆ ಬರೆದ ಪತ್ರದಲ್ಲಿ, ಈ ಆಜ್ಞೆಯನ್ನು ತೊಡೆದುಹಾಕಬೇಕೆಂದು ವಾದಿಸಿದರು. ‘ಹಾನಿಕರ’ವೆಂಬ ಮಾತನ್ನುಳ್ಳ ಅದರ ಪ್ರಸಿದ್ಧ ತಲೆಬರಹವನ್ನು ಕೊಟ್ಟವರು ಮಾತ್ರ ಡೈಕ್‌ಸ್ಟ್ರಾ ಅಲ್ಲ, ಸಂಪಾದಕರಾಗಿದ್ದ ವಿರ್ತ್, ಸಂಪಾದಕನ ಕತ್ತರಿಯಿಂದಲೂ ಲೋಕಕ್ಕೆ ಒಮ್ಮೊಮ್ಮೆ ಉಪಕಾರವಾಗುತ್ತದೆಂದು ನಮಗೆ ಇದರಿಂದ ಸಮಾಧಾನ. 1974ರಲ್ಲಿ ಕ್ನೂತ್ ಎಂಬ ಮತ್ತೊಬ್ಬ ಪಂಡಿತರು, ಕೆಲವೆಡೆ ಗೋಟು ಇದ್ದರೂ ದೋಷವಿಲ್ಲವೆಂದು ತೂಕದ ಉತ್ತರವನ್ನು ಬರೆದರು. ಆದರೂ ನಿಷೇಧವೇ ಗೆದ್ದಿತು. 1995ರಲ್ಲಿ ಹೊರಬಂದ ಜಾವಾ ಭಾಷೆಯಲ್ಲಿ ಆ ಪದವನ್ನು ಕಾದಿರಿಸಿದ್ದಾರೆಯೇ ಹೊರತು ಬಳಸಲು ಬಿಟ್ಟಿಲ್ಲ. ಒಂದು ಕಾಲದ ವಿಚಿತ್ರ ನಿಷೇಧವು ಮುಂದಿನ ಕಾಲದ ಶಿಷ್ಟಾಚಾರವಾಯಿತು.

ಇನ್ನೂ ಎರಡು ಸಂಗತಿಗಳನ್ನು ಗಮನಿಸಬೇಕು. ಅಮೇರಿಕದ ನಾಸಾ ಸಂಸ್ಥೆಯ ಜೆಟ್ ಪ್ರೊಪಲ್ಶನ್ ಪ್ರಯೋಗಾಲಯದ ಹೋಲ್ಜ್‌ಮನ್ ಎಂಬವರು, ಪ್ರಾಣಹಾನಿಗೆ ಅವಕಾಶವಿರುವ ಕಡೆ ಪಾಲಿಸತಕ್ಕ ಹತ್ತು ನಿಯಮಗಳನ್ನು 2006ರಲ್ಲಿ ಪ್ರಕಟಿಸಿದರು. ಅವುಗಳಲ್ಲಿ ಮೊದಲನೆಯದು ಗೋಟುವಿನೊಡನೆ ರಿಕರ್ಶನನ್ನೂ ನಿಷೇಧಿಸುತ್ತದೆ. ಎರಡನೆಯದು, ಪ್ರತಿಯೊಂದು ಲೂಪಿಗೂ ಇಷ್ಟೇ ಸುತ್ತೆಂಬ ಮಿತಿಯಿರಬೇಕೆಂದು ವಿಧಿಸುತ್ತದೆ. ನೋಡಿರಿ: ಸಂದರ್ಶನದಲ್ಲಿ ಸರಿಯುತ್ತರವೆನಿಸಿದುದೇ ಅಂತರಿಕ್ಷದ ಕಾರ್ಯದಲ್ಲಿ ಅಪರಾಧ, ಸಂದರ್ಶನದಲ್ಲಿ ಅಪರಾಧವಾದುದು ಅಲ್ಲಿ ವಿಹಿತ. ಎರಡನೆಯದಾಗಿ, 1996ರಲ್ಲಿ ಕೋಚರ್ ಎಂಬವರು, ಗುಪ್ತಲಿಪಿಯ ಲೆಕ್ಕವು ತೆಗೆದುಕೊಳ್ಳುವ ಸಮಯವನ್ನು ಅಳೆದೇ ಅದರ ರಹಸ್ಯವನ್ನು ಕದಿಯಬಹುದೆಂದು ತೋರಿಸಿಕೊಟ್ಟರು. ರಹಸ್ಯದ ಅಂಕಿಯು ಹೀಗಿದ್ದರೆ ಒಂದು ದಾರಿ, ಹಾಗಿದ್ದರೆ ಇನ್ನೊಂದು ದಾರಿ ಎಂದಾದಾಗ, ಹಿಡಿದ ಸಮಯವೇ ಕಳ್ಳನಿಗೆ ಸುಳಿವು. ಆದುದರಿಂದ ಅಂತಹ ಲೆಕ್ಕಗಳನ್ನು ಬರೆಯುವವರು ರಹಸ್ಯವನ್ನು ನೋಡಿ ಕವಲೊಡೆಯುವ ‘ಇಫ್’ ಅನ್ನು ಬೇಕೆಂದೇ ವರ್ಜಿಸುತ್ತಾರೆ. ದೊಡ್ಡದನ್ನು ಕೇಳದೆ ತಿಳಿಯುವ ಮೇಲಿನ ಲೆಕ್ಕದಂತಹ ಉಪಾಯಗಳು ಅಲ್ಲಿ ಹೊಟ್ಟೆಪಾಡಿನ ವಿದ್ಯೆಯೇ ಆಗಿವೆ.

ಇದರಿಂದ ತಿಳಿಯಬೇಕಾದ ತತ್ತ್ವವೇನು? ನಿಷೇಧವು ತನ್ನಷ್ಟಕ್ಕೆ ಒಳ್ಳೆಯದೂ ಅಲ್ಲ, ಕೆಟ್ಟದೂ ಅಲ್ಲ. ಅದರ ಹಿಂದಿರುವ ಕಾರಣವೇ ಅದರ ಬೆಲೆ. ಕುಂದಾಪುರದ ಕಡವಿನಲ್ಲಿ ನಿಂತರೆ ಗಂಗೊಳ್ಳಿಯು ಹೊಳೆಯಾಚೆ ಕಣ್ಣಿಗೆ ಕಾಣುತ್ತದೆ. ರಸ್ತೆ ಹಿಡಿದವನು ಮಾತ್ರ ತಲ್ಲೂರು, ಹೆಮ್ಮಾಡಿ, ತ್ರಾಸಿಗಳನ್ನು ಸುತ್ತಿಕೊಂಡು ಅಲ್ಲಿಗೆ ಹೋಗಬೇಕು. ರಸ್ತೆಯಲ್ಲಿ ಹೋಗಕೂಡದೆಂದು ಹೇಳಿದಾಗಲೇ ಮನುಷ್ಯನಿಗೆ ದೋಣಿಯ ನೆನಪಾಗುವುದು. ಆದರೆ ಹೆಂಚಿನ ಲಾರಿಯನ್ನು ದೋಣಿಯಲ್ಲಿ ಹೇರುವವನು ಮೂರ್ಖನು. ಎರಡು ದಾರಿಗಳನ್ನೂ ಬಲ್ಲವನು, ಯಾವುದಕ್ಕೆ ಎಷ್ಟು ಭಾರ ತಡೆದೀತೆಂದು ಹೇಳಬಲ್ಲವನು, ಅವನೇ ವಿದ್ಯಾವಂತನು. ಹೀಗಾಗಿ, ಆ ಪರೀಕ್ಷಕರು ಕೇಳಿದ ಮೂರು ಪ್ರಶ್ನೆಗಳಲ್ಲಿ ನಿಜವಾದ ಪ್ರಶ್ನೆಯು ಕೊನೆಯದು. ಹತ್ತು ಲಕ್ಷವಾದರೆ ಏನಾದೀತೆಂಬುದು ದೋಣಿಯ ಭಾರವನ್ನು ಕೇಳುವ ಪ್ರಶ್ನೆ. ಅದನ್ನು ಕೇಳಿದ್ದಕ್ಕಾಗಿ ಅವರನ್ನು ನಾವು ದೂಷಿಸಲಾರೆವು.

ಆದರೆ ಉದ್ಯೋಗದಾತರಲ್ಲಿಯೂ ನಮ್ಮದೊಂದು ಅರಿಕೆಯಿದೆ. ಇಂತಹ ಒಗಟುಗಳನ್ನು ಕೇಳುವ ಎಲ್ಲರೂ ಕೊನೆಯ ಪ್ರಶ್ನೆಯ ವರೆಗೆ ಬರುವುದಿಲ್ಲ. ಅನೇಕರು ಮೊದಲನೆಯ ಉತ್ತರವನ್ನು ಕೇಳಿ ತಲೆದೂಗುತ್ತಾರೆ, ಅಥವಾ ಉತ್ತರವು ಬಾರದವನನ್ನು ಅಲ್ಲಿಯೇ ಹೊರಗೆ ಕಳುಹುತ್ತಾರೆ. ಇದರಿಂದ ಆರಿಸಿ ಬರುವವನು ಬುದ್ಧಿವಂತನಲ್ಲ, ಒಗಟಿನ ಪುಸ್ತಕವನ್ನು ಕೊಂಡವನು ಅಥವಾ ನಗರದ ಟ್ಯೂಶನಿಗೆ ಹಣ ತೆತ್ತವನು. ಮೇಲಾಗಿ, 2022ರ ಕೊನೆಯಿಂದ ಈಚೆಗೆ ಪ್ರಶ್ನೆ ಕೇಳಿದೊಡನೆ ಪ್ರೋಗ್ರಾಮನ್ನು ಬರೆದುಕೊಡುವ ಯಂತ್ರಗಳೇ ಜನರ ಕೈಗೆ ಬಂದಿವೆ. ಹಳೆಯ ಒಗಟಿನ ಉತ್ತರಕ್ಕೆ ಈಗ ಪರೀಕ್ಷೆಯ ಬೆಲೆಯು ಕಾಸಿನಷ್ಟೂ ಉಳಿದಿಲ್ಲ. ಉಳಿದಿರುವುದು ಕಲಿಕೆಯ ಬೆಲೆ ಮಾತ್ರ. ಆದಕಾರಣ ಉತ್ತರವನ್ನು ಕೇಳದೆ ಉತ್ತರದ ಕಾರಣವನ್ನು ಕೇಳತಕ್ಕದ್ದು. ಹುಡುಗನು ತಪ್ಪಿದಲ್ಲಿ ಒಂದು ಸುಳಿವನ್ನು ಕೊಟ್ಟು, ಸುಳಿವಿನಿಂದ ಅವನು ಎಷ್ಟು ದೂರ ನಡೆಯುತ್ತಾನೆಂಬುದನ್ನು ನೋಡತಕ್ಕದ್ದು. ಅವಧಾನದ ಪೃಚ್ಛಕನು ಅಕ್ಷರವನ್ನು ನಿಷೇಧಿಸುವುದು ಅವಧಾನಿಯನ್ನು ಸಭೆಯಿಂದ ಏಳಿಸುವುದಕ್ಕಲ್ಲ. ಪದ್ಯವು ಪೂರ್ಣವಾಗಬೇಕೆಂಬುದು ಅವನ ಆಶೆಯೂ ಆಗಿರುತ್ತದೆ.

ನಮ್ಮ ದೊಡ್ಡ ಅರಿಕೆಯಿರುವುದು ಶಾಲೆಗಳ ಉಪಾಧ್ಯಾಯರಲ್ಲಿ. ಕಂಪ್ಯೂಟರುಗಳು ಇಲ್ಲವೆಂದು, ಇದ್ದವು ಕೆಟ್ಟಿವೆಯೆಂದು, ವಿದ್ಯುತ್ತು ಇಲ್ಲವೆಂದು ಹಳ್ಳಿಯ ಪ್ರೌಢಶಾಲೆಗಳಲ್ಲಿ ಈ ವಿದ್ಯೆಯನ್ನು ಮುಂದೂಡುವುದನ್ನು ಕೇಳಿದ್ದೇವೆ. ನಿಷೇಧದ ಒಗಟುಗಳಿಗೆ ಯಂತ್ರವೇ ಬೇಡ. ಹಲಗೆ, ಸುಣ್ಣದ ಕಡ್ಡಿ, ಸಾಲಾಗಿ ಕುಳಿತ ಮಕ್ಕಳು ಇಷ್ಟಿದ್ದರೆ ಸಾಕು. ಎಡಗಡೆಯವನಿಂದ ಹೇಳಿಸಿದ ಮೇಲೆ ಹೇಳುವ ಆಟವನ್ನು ಆಡಿಸಿ. ಮೌನಿಯನ್ನು ಎಲ್ಲಿ ಕುಳ್ಳಿರಿಸಬೇಕೆಂದು ಮಕ್ಕಳಿಂದಲೇ ಹೇಳಿಸಿ. ಸಂವತ್ಸರದ ಪಟ್ಟಿಯಲ್ಲಿ ಅಕ್ಷಯವನ್ನು ಎಲ್ಲಿ ಬರೆದರೆ ಷರತ್ತು ಹೋಗುವುದೆಂದು ಕೇಳಿ. ಇದೆಲ್ಲವನ್ನೂ ಕನ್ನಡದಲ್ಲಿಯೇ ಕಲಿಸಬಹುದು, ಕನ್ನಡದಲ್ಲಿಯೇ ಕಲಿಸಬೇಕು. ಇಂಜಿನಿಯರಿಂಗ್ ಶಿಕ್ಷಣವನ್ನು ಕನ್ನಡವೇ ಮೊದಲಾದ ದೇಶಭಾಷೆಗಳಲ್ಲಿ ಕೊಡುವುದಕ್ಕೆ ಅಖಿಲ ಭಾರತ ತಾಂತ್ರಿಕ ಶಿಕ್ಷಣ ಪರಿಷತ್ತು 2021ರಲ್ಲಿ ಅನುಮತಿಯನ್ನಿತ್ತಿತು. ಅನುಮತಿಯಿಂದ ವಿದ್ಯೆಯು ತಾನಾಗಿ ಬರುವುದಿಲ್ಲ. ಹತ್ತು ವರ್ಷದ ಮಗುವಿಗೆ ತನ್ನ ಮಾತಿನಲ್ಲಿ ತತ್ತ್ವವು ತಿಳಿದಿದ್ದರೆ ಮಾತ್ರ ಇಪ್ಪತ್ತನೆಯ ವರ್ಷದಲ್ಲಿ ಅನುಮತಿಯು ಫಲಿಸುವುದು.

ಕೊನೆಗೆ ಆ ತರುಣನಿಗೆ ಒಂದು ಮಾತು. ಬೇಲಿ ಹಾರಿ ಬಾ ಎಂದವನು ನಿನ್ನ ಶತ್ರುವೆಂದು ಭಾವಿಸಬೇಡ. ಗೇಟು ಎಲ್ಲ ಕಾಲಕ್ಕೂ ತೆರೆದಿರುವುದಿಲ್ಲ. ನಾವು ಅಂದು ಅವನಿಗೆ ಪಂಕ್ತಿಯ ಲೆಕ್ಕವನ್ನು ಹೇಳಿದಾಗ, ಅವನು ಮೇಜಿನ ಮೇಲಿದ್ದ ಖಾಲಿ ಗ್ಲಾಸುಗಳನ್ನು ಸಾಲಾಗಿ ಇಟ್ಟುಕೊಂಡು, ತುದಿಗೆ ಒಂದನ್ನು ಬೋರಲಾಗಿ ಮಗುಚಿ, “ಇವನು ಮೌನಿ” ಎಂದನು. ಅರ್ಧ ತಾಸಿನಲ್ಲಿ ಹತ್ತು ಲಕ್ಷದ ಪ್ರಶ್ನೆಗೂ ಕಾರಣಸಹಿತವಾದ ಉತ್ತರವನ್ನು ಅವನೇ ಕೊಟ್ಟನು. ಬುದ್ಧಿಯು ಅವನಲ್ಲಿ ಮೊದಲೇ ಇತ್ತು, ತೋರಿಸುವವರು ಇರಲಿಲ್ಲ. ಹದಿನಾರು ವರ್ಷಗಳ ವಿದ್ಯಾಭ್ಯಾಸವು ಮಾಡದೆ ಬಿಟ್ಟುದನ್ನು ಚಹದ ಅಂಗಡಿಯ ಗ್ಲಾಸುಗಳು ಮಾಡಬೇಕಾಗಿ ಬಂದುದು ನಾಡಿಗೆ ಭೂಷಣವಲ್ಲ. ಈ ಮಾತನ್ನು ಶಿಕ್ಷಣದ ಹೊಣೆಯನ್ನು ಹೊತ್ತ ಮಹನೀಯರು ಮನಸ್ಸಿಗೆ ತಂದುಕೊಳ್ಳುವರೆಂದು ಆಶಿಸುತ್ತೇವೆ.